ರದ್ದು ಒತ್ತಿದರೆ ಕೋಡುಬಳೆ

ಆಫೀಸಿನಲ್ಲಿ ಸಾಫ್ಟ್‌ವೇರ್ ಬರೆಯುವುದರಲ್ಲಿ ಒಂದು ದೊಡ್ಡ ಸುಖವಿದೆ: ಅದನ್ನು ಬಳಸುವವರ ಮುಖ ನಮಗೆ ಕಾಣುವುದಿಲ್ಲ. ಅವರು ಎಲ್ಲೋ ಸಮುದ್ರದಾಚೆಯ ಊರಿನಲ್ಲಿರುತ್ತಾರೆ. ಅವರಿಗೇನಾದರೂ ತೊಂದರೆಯಾದರೆ ಅದು ಒಂದು ನಂಬರಾಗಿ ನಮ್ಮ ಪಟ್ಟಿಗೆ ಬಂದು ಸೇರುತ್ತದೆ. 'ಬಳಕೆದಾರರ ತಿಳಿವಳಿಕೆಯ ಕೊರತೆ' ಎಂದು ಷರಾ ಬರೆದು ಮುಚ್ಚಿದರೆ ಮುಗಿಯಿತು. ಸಂಜೆಯ ಕಾಫಿಗೆ ಯಾವ ಅಡ್ಡಿಯೂ ಇಲ್ಲ. ಮನೆಯವರಿಗೆಂದು ಬರೆಯಹೊರಟರೆ ಈ ಸುಖ ಹೋಗುತ್ತದೆ. ಅಲ್ಲಿ ಕಾಫಿ ಕೊಡಬೇಕಾದವರೇ ಬಳಕೆದಾರರು.

ನನ್ನ ಹೆಂಡತಿ ಮನೆಯಲ್ಲೇ ಚಟ್ನಿಪುಡಿ, ಸಾರಿನ ಪುಡಿ, ಹುರಿಹಿಟ್ಟು, ಕೋಡುಬಳೆ ಮಾಡಿ ಮಾರುತ್ತಾಳೆ. ಬಡಾವಣೆಯಲ್ಲಿ ಒಳ್ಳೆಯ ಹೆಸರಿದೆ. ಹಬ್ಬ ಹತ್ತಿರ ಬಂದರೆ ನಮ್ಮ ಮನೆಯ ಗೇಟು ಮುಚ್ಚುವುದೇ ಇಲ್ಲ. ಲೆಕ್ಕವೆಲ್ಲ ಉದ್ದನೆಯದೊಂದು ನೋಟ್‌ಬುಕ್ಕಿನಲ್ಲಿ: ಎಡಗಡೆ ಹೆಸರು, ನಡುವೆ ಸಾಮಾನು, ಬಲಗಡೆ ಬಾಕಿ. ದುಡ್ಡು ಬಂದರೆ ಆ ಸಾಲಿನ ಮೇಲೊಂದು ಗೆರೆ ಎಳೆಯುತ್ತಾಳೆ. ಇದನ್ನು ನೋಡಿ ನೋಡಿ ನನ್ನೊಳಗಿನ ಎಂಜಿನಿಯರಿಗೆ ತಡೆಯಲಾಗಲಿಲ್ಲ. "ಇದಕ್ಕೊಂದು ಸಾಫ್ಟ್‌ವೇರ್ ಮಾಡಿಕೊಡ್ತೀನಿ" ಎಂದೆ. ಅವಳು, "ಯಾಕ್ರೀ, ಈಗ ಏನಾಗಿದೆ?" ಎಂದಳು. ಯಾವ ಸಾಫ್ಟ್‌ವೇರ್ ಕೆಲಸಕ್ಕೂ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂದು ಆಫೀಸಿಗೆ ಹೊಸದಾಗಿ ಸೇರಿದ ಹುಡುಗರಿಗೆ ನಾನೇ ಪಾಠ ಮಾಡುತ್ತೇನೆ. ಮನೆಯಲ್ಲಿ ಕೇಳಿದಾಗ ಮಾತ್ರ ಅದು ಕೊಂಕಾಗಿ ಕೇಳಿಸಿತು.

ನಮ್ಮ ಹಾಲಿನ ಮೂಲೆಯಲ್ಲೊಂದು ಹಳೆಯ ಕಂಪ್ಯೂಟರ್ ಇದೆ. ಹಗಲು ಅದರಲ್ಲಿ ಅಪ್ಪ ಇಸ್ಪೀಟು ಆಡುತ್ತಾರೆ. ರಾತ್ರಿ ಅದು ನನ್ನದು. ಪೈಥಾನ್ ಭಾಷೆಯ ಜೊತೆಗೆ ಟಿಕೆ ಎಂಬ ಸಲಕರಣೆ ಬಿಟ್ಟಿಯಾಗಿ ಬರುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದ ಜಾನ್ ಔಸ್ಟರ್‌ಹೌಟ್ ಅದನ್ನು ಕಟ್ಟಿದವರು. ನಾಲ್ಕಾರು ಸಾಲು ಬರೆದರೆ ಪರದೆಯ ಮೇಲೆ ಕಿಟಕಿ ತೆರೆಯುತ್ತದೆ. ಇನ್ನೊಂದು ಸಾಲು ಬರೆದರೆ ಅದರಲ್ಲೊಂದು ಗುಂಡಿ ಮೂಡುತ್ತದೆ. ಅಪಾಯ ಇರುವುದೇ ಇಲ್ಲಿ. ಗುಂಡಿ ಇಷ್ಟು ಅಗ್ಗವಾದರೆ ಬರೆಯುವವನ ಕೈ ನಿಲ್ಲುವುದಿಲ್ಲ. 'ವರದಿ' ಎಂದೊಂದು ಗುಂಡಿ, 'ವರದಿಯ ಸಾರಾಂಶ' ಎಂದೊಂದು, 'ಸಾರಾಂಶದ ವಿವರ' ಎಂದು ಮತ್ತೊಂದು. ಕೊನೆಗೆ 'ಇತರೆ' ಎಂಬ ಗುಂಡಿ. ಅದನ್ನು ಒತ್ತಿದರೆ ಇನ್ನಷ್ಟು ಗುಂಡಿಗಳು. ಪ್ರಥಮ ದರ್ಶನಕ್ಕೆ ಬಂದ ಹೆಂಡತಿ ಸ್ವಲ್ಪ ಹೊತ್ತು ನೋಡಿ, "ಇದರಲ್ಲಿ ಒಂದು ಕೇಜಿ ಚಟ್ನಿಪುಡಿ ಅಂತ ಎಲ್ಲಿ ಬರೀಲಿ?" ಎಂದಳು. ಅದಕ್ಕೆ ಗುಂಡಿ ಇರಲಿಲ್ಲ. ಮೆನುವಿನಲ್ಲಿ ಹುಡುಕಬೇಕಿತ್ತು.

ಇದರ ಜೊತೆಗೆ ಅಕ್ಷರದ ಗೋಳು. ಗುಂಡಿಯ ಎತ್ತರವನ್ನು ಇಂಗ್ಲಿಷಿಗೆ ಹೊಂದಿಸಿ ಬಿಗಿಯಾಗಿ ಗೊತ್ತುಮಾಡಿದ್ದೆ. ಕನ್ನಡಕ್ಕೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು. ಕೆಳಗಿನ ಅಂಚು ಕತ್ತರಿಸಿಹೋಗಿ ಅಕ್ಕಿ 'ಅಕಿ'ಯಾಯಿತು, ಬೆಲ್ಲ 'ಬೆಲ'ವಾಯಿತು, ಉದ್ದಿನಬೇಳೆ ಓದಲಾಗದಂತಾಯಿತು. ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವಳು. ಕನ್ನಡಕ ಏರಿಸಿ ಓದಿ, "ಒತ್ತಕ್ಷರ ಬಿಡೋ ಹುಡುಗರನ್ನ ನಾನು ಮೂರನೇ ಕ್ಲಾಸು ದಾಟಿಸ್ತಿರಲಿಲ್ಲ ಕಣೋ" ಎಂದಳು. ಟೈಪು ಮಾಡುವುದು ಮಾತ್ರ ಅವಳಿಗೆ ಕಷ್ಟವಾಗಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕೆಂದರೆ ನಡುವೆ 'ಎಫ್'. ಒಂದೇ ಮಧ್ಯಾಹ್ನದಲ್ಲಿ ಕಲಿತಳು. "ಇದನ್ನ ಮಾಡಿದೋರು ಕನ್ನಡ ಬರೆಯೋರನ್ನ ಕಣ್ಣಾರೆ ನೋಡಿದ್ದಾರೆ" ಎಂದು ಹೊಗಳಿದಳು. ಮುಂದೇನೂ ಹೇಳಲಿಲ್ಲ, ನನ್ನ ಕಡೆ ನೋಡಿದಳು.

ಆಮೇಲೆ ನಾನು ಚರಿತ್ರೆಯ ಮೊರೆಹೋದೆ. 1981ರಲ್ಲಿ ಜೆರಾಕ್ಸ್ ಕಂಪನಿ 'ಸ್ಟಾರ್' ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದರ ಪರದೆಯ ಮೇಲೆ ಕಾಗದ, ಕಡತ, ಟಪಾಲು ಬುಟ್ಟಿಗಳ ಪುಟ್ಟ ಚಿತ್ರಗಳಿದ್ದವು. ಆಫೀಸಿನವರಿಗೆ ಗೊತ್ತಿರುವುದು ಆಫೀಸಿನ ಮೇಜು, ಹಾಗಾಗಿ ಪರದೆಯ ಮೇಲೂ ಮೇಜನ್ನೇ ಹಾಸಿಕೊಟ್ಟರು. ಬಹಳ ಜಾಣತನದ ಕೆಲಸ. ಇದೇ ತರ್ಕ ಹಿಡಿದರೆ ನಮ್ಮ ಮನೆಯ ಬಳಕೆದಾರಳಿಗೆ ಅಡುಗೆಮನೆ ಹಾಸಿಕೊಡಬೇಕು. ರಾತ್ರಿಗಳನ್ನು ಕಳೆದು ನಮ್ಮ ಅಡುಗೆಮನೆಯ ಚಿತ್ರ ಬರೆದೆ. ಗ್ಯಾಸ್ ಒಲೆ, ಗೋಡೆಯ ಕ್ಯಾಲೆಂಡರ್, ಶೆಲ್ಫಿನ ಮೇಲೆ ಸಾಲಾಗಿ ಡಬ್ಬಿಗಳು. ಸಾರಿನ ಪುಡಿಯ ಡಬ್ಬಿ ಒತ್ತಿದರೆ ಸಾರಿನ ಪುಡಿಯ ಬಿಲ್ಲು. ಕ್ಯಾಲೆಂಡರ್ ಒತ್ತಿದರೆ ಆರ್ಡರುಗಳ ದಿನಾಂಕ. ಆದಾಯದ ಲೆಕ್ಕ ಎಲ್ಲಿಡುವುದೆಂದು ಯೋಚಿಸಿ, ನಮ್ಮ ಮನೆಯಲ್ಲಿ ನಿಜಕ್ಕೂ ದುಡ್ಡಿಡುವ ಸಾಸಿವೆ ಡಬ್ಬಿಯ ಹಿಂದೆಯೇ ಇಟ್ಟೆ.

"ದುಡ್ಡು ಎಲ್ಲಿಡ್ತೀವಿ ಅಂತ ಹಾಲಿನಲ್ಲಿ ಬೋರ್ಡು ಹಾಕಿದ್ದೀಯಲ್ಲೋ!" ಎಂದು ಅಮ್ಮ ಎದೆ ಹಿಡಿದುಕೊಂಡಳು. ಹೆಂಡತಿಯ ತಕರಾರು ಬೇರೆ. "ನನಗೆ ಅಡುಗೆಮನೆ ಒಂದೇ ಗೊತ್ತಿರೋದು ಅಂತ ನಿಮಗ್ಯಾರು ಹೇಳಿದ್ದು? ನಾನು ಬಿ.ಕಾಂ. ಮಾಡಿದ್ದೀನಿ. ಲೆಕ್ಕ ಕೇಳಿದ್ರೆ ಶೆಲ್ಫು ಕೊಡ್ತೀರಲ್ಲ!" ಎಂದಳು. ಅಷ್ಟು ಸಾಲದೆಂಬಂತೆ ಯುಗಾದಿ ಬಂತು, ಅಡುಗೆಮನೆ ತೊಳೆದರು, ಡಬ್ಬಿಗಳೆಲ್ಲ ಜಾಗ ಬದಲಿಸಿದವು. ಸಾಫ್ಟ್‌ವೇರಿನ ಶೆಲ್ಫು ಹಳೆಯದರಂತೆಯೇ ಉಳಿಯಿತು. ಅಲ್ಲಿಂದಾಚೆಗೆ ಎರಡೂ ಕಡೆ ಏನೂ ಸಿಗದಂತಾಯಿತು.

ಇದರ ಗತಿ ಏನೆಂದು ಮೊದಲೇ ತಿಳಿಯಲು ಜಾತಕ ನೋಡಬೇಕಿರಲಿಲ್ಲ. 1995ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ 'ಬಾಬ್' ಎಂಬ ತಂತ್ರಾಂಶ ಬಿಟ್ಟಿತ್ತು. ಪರದೆಯ ಮೇಲೊಂದು ಮನೆ, ಕೋಣೆಗಳು, ಬೆಂಕಿಗೂಡು, ದಾರಿ ತೋರಿಸಲೊಂದು ನಾಯಿ. ಮರುವರ್ಷವೇ ಅದನ್ನು ಮಾರುಕಟ್ಟೆಯಿಂದ ಎತ್ತಿಬಿಟ್ಟರು. ಲೋಕವೇ ಬೇಡವೆಂದ ಮನೆಯನ್ನು ನಾನು ನಮ್ಮ ಮನೆಯೊಳಗೆ ಕಟ್ಟಿದ್ದೆ. ಅಷ್ಟಕ್ಕೇ ನಿಲ್ಲಿಸಿದೆನೇ? ಪರದೆಯ ಮೂಲೆಯಲ್ಲಿ ಒಬ್ಬ ಅಜ್ಜಿಯನ್ನೂ ಕೂರಿಸಿದ್ದೆ. ಆಫೀಸ್ 97ರಲ್ಲಿ ಕಣ್ಣು ಮಿಟುಕಿಸುತ್ತಿದ್ದ ಪೇಪರ್ ಕ್ಲಿಪ್ಪೊಂದು ಕರೆಯದೆಯೇ ಬಂದು ಸಹಾಯ ಬೇಕೇ ಎಂದು ಕೇಳುತ್ತಿತ್ತಲ್ಲ, ಅದರ ಸ್ವದೇಶಿ ಅವತಾರ. ಹೆಂಡತಿ ಗಿರಾಕಿಯ ಹೆಸರು ಬರೆಯಲು ಶುರುಮಾಡಿದರೆ ಅಜ್ಜಿ, 'ಬಿಲ್ಲು ಬರೆಯುತ್ತಿದ್ದೀಯಾ ಮಗಳೇ? ಹೇಳಿಕೊಡಲೇ?' ಎನ್ನುತ್ತಿದ್ದಳು. ನಮ್ಮಮ್ಮ ಸೊಸೆಯ ಕೆಲಸದಲ್ಲಿ ಎಂದೂ ಮೂಗು ತೂರಿಸಿದವಳಲ್ಲ. "ನಾನೇ ಬಾಯಿ ಮುಚ್ಚಿಕೊಂಡಿರೋವಾಗ ಇವಳ್ಯಾರೋ ಹೇಳಿಕೊಡೋಳು?" ಎಂದಳು. ಮೈಕ್ರೋಸಾಫ್ಟಿಗೆ ಕ್ಲಿಪ್ಪನ್ನು ಪೂರ್ತಿ ಕಿತ್ತುಹಾಕಲು ಆಫೀಸ್ 2007ರವರೆಗೆ ಹಿಡಿಯಿತು. ನಮ್ಮ ಅಜ್ಜಿ ಅದೇ ಸಂಜೆ ಹೋದಳು.

ಇಷ್ಟರಲ್ಲಿ ನನಗೆ ಜೇಕಬ್ ನೀಲ್ಸನ್ ನೆನಪಾದರು. ಬಳಕೆ ಸುಲಭವಾಗಿದೆಯೇ ಎಂದು ಪರೀಕ್ಷಿಸಲು ನೂರಾರು ಜನ ಬೇಡ, ಐದು ಜನ ಸಾಕು, ಶೇಕಡ 85ರಷ್ಟು ತೊಡಕುಗಳು ಅವರಲ್ಲೇ ಬಯಲಾಗುತ್ತವೆ ಎಂದು 2000ದಲ್ಲಿ ಬರೆದವರು. ನಮ್ಮ ಮನೆಯಲ್ಲಿ ಲೆಕ್ಕ ಹಾಕಿದೆ: ಹೆಂಡತಿ, ಅಮ್ಮ, ಅಪ್ಪ, ಮಗಳು, ಪ್ಯಾಕಿಂಗ್‌ಗೆ ಬರುವ ಅಕ್ಕ. ಸರಿಯಾಗಿ ಐದು. ಈ ಪರೀಕ್ಷೆಗೊಂದು ಕಟ್ಟುನಿಟ್ಟಾದ ನಿಯಮವಿದೆ. ಬಳಸುವವರು ಎಲ್ಲಿ ತಡವರಿಸಿದರೂ ಪಕ್ಕದಲ್ಲಿ ಕೂತವನು ಬಾಯಿ ಬಿಡಬಾರದು, ಸುಮ್ಮನೆ ಬರೆದುಕೊಳ್ಳಬೇಕು. ನಿಯಮ ವಿವರಿಸಿದಾಗ ಹೆಂಡತಿಯ ಮುಖ ಅರಳಿತು. "ನೀವು ಮಾತಾಡೋ ಹಾಗೇ ಇಲ್ವಾ? ಹಾಗಿದ್ರೆ ಈ ಪರೀಕ್ಷೆ ದಿನಾ ಇರಲಿ" ಎಂದಳು.

ಮೊದಲು ಪ್ಯಾಕಿಂಗ್ ಅಕ್ಕ. ಕೈಯಲ್ಲಿ ಕಡಲೆಹಿಟ್ಟು. ಡಗ್ಲಾಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಜಗತ್ತಿಗೆ ತೋರಿಸುವಾಗ ಹಿಟ್ಟಿನ ಕೈಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಾರರು. ಅಕ್ಕ ಮೌಸಿಗೊಂದು ಪ್ಲಾಸ್ಟಿಕ್ ಕವರು ತೊಡಿಸಿ ಹಿಡಿದಳು. ಬಾಣ ಗುಂಡಿಯ ಆಚೆ ಹೋಯಿತು, ಈಚೆ ಬಂತು, ಮತ್ತೆ ಆಚೆ ಹೋಯಿತು. "ಸಾರ್, ಗುಂಡಿ ಸಾಸಿವೆ ಕಾಳಿನಷ್ಟಿದೆ. ಸಾಸಿವೆ ಆದ್ರೂ ಒಲೆ ಮೇಲೆ ಸದ್ದು ಮಾಡುತ್ತೆ" ಎಂದಳು. ಗುರಿ ದೂರವಿದ್ದಷ್ಟೂ ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೊತ್ತು ಹಿಡಿಯುತ್ತದೆ ಎಂದು ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಸೂತ್ರ ಬರೆದಿಟ್ಟಿದ್ದಾರೆ. ಮ್ಯಾಕಿಂಟಾಷಿನ ಮೆನು ಪರದೆಯ ನೆತ್ತಿಯ ಅಂಚಿಗೆ ಅಂಟಿಕೊಂಡಿರುವುದರ ಲಾಭವೂ ಇದೇ: ಬಾಣವನ್ನು ಎಷ್ಟು ಜೋರಾಗಿ ಮೇಲಕ್ಕೆ ದೂಡಿದರೂ ಅಂಚಿನಲ್ಲೇ ನಿಲ್ಲುತ್ತದೆ, ಗುರಿ ತಪ್ಪುವುದಿಲ್ಲ. ಇಷ್ಟನ್ನೂ ಹೇಳಬೇಕೆಂದು ನನ್ನ ನಾಲಗೆ ತುರಿಸುತ್ತಿತ್ತು. ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು.

ಅಪ್ಪನದು ಇನ್ನೊಂದು ಬಗೆ. ಅವರಿಗೆ ಕಂಪ್ಯೂಟರಿನಲ್ಲಿ ಗೊತ್ತಿರುವುದೆಲ್ಲ ಸಾಲಿಟೇರ್ ಕಲಿಸಿದ್ದು. ಆ ಇಸ್ಪೀಟಾಟ 1990ರಲ್ಲಿ ವಿಂಡೋಸ್ 3.0 ಜೊತೆಗೆ ಬಂತು. ಎಲೆಗಳ ಚಿತ್ರ ಬರೆದವರು ಮ್ಯಾಕಿಂಟಾಷಿನ ಚಿತ್ರಗಳನ್ನೂ ಬರೆದಿದ್ದ ಸೂಸನ್ ಕೇರ್. ಮೌಸ್ ಹಿಡಿದು ಎಳೆದು ಬಿಡುವ ಅಭ್ಯಾಸವನ್ನು ಜಗತ್ತಿಗೆ ಆಟದ ನೆಪದಲ್ಲಿ ಮಾಡಿಸಿದ್ದು ಅದೇ. ಅಪ್ಪ ನನ್ನ ಗುಂಡಿಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ಕೋಡುಬಳೆ ಎಂಬ ಹೆಸರನ್ನು ಹಿಡಿದು ಎಳೆದು ಗಿರಾಕಿಯ ಹೆಸರಿನ ಮೇಲೆ ಬಿಟ್ಟರು. ಏನೂ ಆಗಲಿಲ್ಲ. ಮತ್ತೆ ಎಳೆದರು. "ಏನಪ್ಪಾ, ರಾಜನ ಮೇಲೆ ರಾಣಿ ಕೂರುತ್ತೆ, ಇದ್ಯಾಕೆ ಕೂರಲ್ಲ?" ಎಂದರು. ಒಪ್ಪಿಕೊಳ್ಳಬೇಕಾದ ಮಾತು. ಐವರಲ್ಲಿ ಒಳ್ಳೆಯ ವಿನ್ಯಾಸಕ ಅಪ್ಪನೇ. ಆದರೆ ಬಾಕಿ ಉಳಿಸಿಕೊಂಡವರನ್ನು ಕೆಂಪಿನಲ್ಲೂ ಹಣ ಕೊಟ್ಟವರನ್ನು ಹಸಿರಿನಲ್ಲೂ ತೋರಿಸಿದ್ದೆನಲ್ಲ, ಅದು ಅವರ ಕಣ್ಣಿಗೆ ಒಂದೇ ಬಣ್ಣ. ಹಣ ಕೊಟ್ಟು ಮುಗಿಸಿದ್ದ ಎದುರುಮನೆಯವರಿಗೇ ಫೋನು ಹಚ್ಚಿ ಬಾಕಿ ಕೇಳಿದರು. ಕೆಂಪು ಹಸಿರು ಬೇರೆಮಾಡಲಾಗದಿರುವುದು ಗಂಡಸರಲ್ಲಿ ಅಪರೂಪವೇನಲ್ಲ. ಅಮ್ಮನಿಗೆ ಮಾತ್ರ ಅಂದು ಇಡೀ ದಾಂಪತ್ಯದ ಒಂದು ಒಗಟು ಬಿಡಿಸಿಕೊಂಡಿತು. "ಅದಕ್ಕೇ ಹಸಿರು ರೇಷ್ಮೆ ಸೀರೆ ತನ್ನಿ ಅಂದ್ರೆ ಕೆಂಪು ತಂದಿದ್ರಾ!" ಎಂದಳು.

ಅಮ್ಮನ ಸರದಿ ಬಂದಾಗ ನನ್ನ ಬಹುದೊಡ್ಡ ಹೆಮ್ಮೆಯೊಂದು ಬಿತ್ತು. ಲೆಕ್ಕ ಯಾರೂ ಕೈತಪ್ಪಿ ಕೆಡಿಸಬಾರದೆಂದು 'ನೋಡುವ ಸ್ಥಿತಿ', 'ಬರೆಯುವ ಸ್ಥಿತಿ' ಎಂದು ಎರಡು ಮಾಡಿದ್ದೆ. ಅಮ್ಮ ನೋಡುವ ಸ್ಥಿತಿಯಲ್ಲೇ ಕೂತು ಇಡೀ ಪುಟ ಟೈಪು ಮಾಡಿದಳು. ಒಂದಕ್ಷರವೂ ಮೂಡಲಿಲ್ಲ. ಅವಳು ಕೀಲಿಮಣೆಯನ್ನೇ ನೋಡುತ್ತಿದ್ದಳಾದ್ದರಿಂದ ಕೊನೆಯವರೆಗೂ ಗೊತ್ತಾಗಲಿಲ್ಲ. ಕಂಪ್ಯೂಟರುಗಳಲ್ಲಿ ಇಂಥ 'ಸ್ಥಿತಿ'ಗಳೇ ಇರಕೂಡದೆಂದು ಜೀವಮಾನವಿಡೀ ಹಟ ಹಿಡಿದಿದ್ದವರು ಲ್ಯಾರಿ ಟೆಸ್ಲರ್. ಜೆರಾಕ್ಸಿನ ಪಾರ್ಕ್ ಪ್ರಯೋಗಾಲಯದಲ್ಲಿ ನಮಗೆಲ್ಲ ಕಟ್, ಕಾಪಿ, ಪೇಸ್ಟ್ ರೂಪಿಸಿಕೊಟ್ಟವರು. 'ನೋ ಮೋಡ್ಸ್' ಎಂದು ಕಾರಿನ ನಂಬರ್ ಪ್ಲೇಟಿನಲ್ಲೇ ಬರೆಸಿಕೊಂಡಿದ್ದರು. 2020ರಲ್ಲಿ ತೀರಿಕೊಂಡರು. ನನ್ನ ಸಾಫ್ಟ್‌ವೇರ್ ನೋಡುವ ಯೋಗ ಅವರಿಗೆ ಬರಲಿಲ್ಲ, ಪುಣ್ಯವಂತರು. ಅಮ್ಮನ ಇನ್ನೊಂದು ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ: "ಬರೆದಿದ್ದು ಬರೆದ ಹಾಗೇ ಇರಬೇಕು ತಾನೇ? ಬರೆದ ಮೇಲೂ 'ಉಳಿಸು' ಅಂತ ಇದಕ್ಕೆ ಯಾಕೆ ಗೋಗರೀಬೇಕು?" ಅಲನ್ ಕೂಪರ್ ಎಂಬುವರು 1995ರಲ್ಲಿ ಒಂದು ದಪ್ಪ ಪುಸ್ತಕ ಬರೆದು ಹೆಚ್ಚುಕಡಿಮೆ ಇದನ್ನೇ ಕೇಳಿದ್ದಾರೆ. ಅಮ್ಮನಿಗೆ ಒಂದು ವಾಕ್ಯ ಸಾಕಾಯಿತು.

ಮಗಳ ಪರೀಕ್ಷೆ ಬೇಗ ಮುಗಿಯಿತು. "ಅಪ್ಪಾ, ಇಷ್ಟು ಚಿಕ್ಕ ಲೆಕ್ಕ ಉಳಿಸೋಕೆ ಇಷ್ಟೊತ್ತು ಯಾಕೆ?" ಎಂದಳು. ಪರದೆಯ ಮೇಲೆ ನೀಲಿ ಪಟ್ಟಿ ನಿಧಾನವಾಗಿ ತುಂಬುತ್ತಿತ್ತು. ಕೆಲಸ ಎಷ್ಟಾಗಿದೆ ಎಂದು ತೋರಿಸಿದರೆ ಕಾಯುವವರಿಗೆ ಹಿತವೆನಿಸುತ್ತದೆ ಎಂದು ಬ್ರಾಡ್ ಮೈಯರ್ಸ್ 1985ರಲ್ಲೇ ತೋರಿಸಿಕೊಟ್ಟಿದ್ದಾರೆ. ನನ್ನ ತೊಂದರೆ ಏನೆಂದರೆ ಕಾಯುವಂಥದ್ದೇನೂ ಇರಲಿಲ್ಲ, ಲೆಕ್ಕ ಕಣ್ಣುರೆಪ್ಪೆ ಬಡಿಯುವುದರೊಳಗೆ ಉಳಿಯುತ್ತಿತ್ತು. ಇಷ್ಟು ದುಡಿದದ್ದಕ್ಕೆ ಒಂದು ಗಾಂಭೀರ್ಯ ಬೇಡವೇ ಎಂದು ಪಟ್ಟಿಗೆ ಬೇಕೆಂದೇ ತಡಮಾಡಲು ಹೇಳಿದ್ದೆ. ಮಗಳು ಪ್ರೋಗ್ರಾಮು ತೆರೆದು ಆ ಸಾಲನ್ನು ಹುಡುಕಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದಳು.

ಡಾನ್ ನಾರ್ಮನ್ ಅವರ 1988ರ ಪ್ರಸಿದ್ಧ ಪುಸ್ತಕದಲ್ಲಿ ಒಂದು ಮಾತು ಬರುತ್ತದೆ: ವಸ್ತುವಿನ ವಿನ್ಯಾಸ ಕೆಟ್ಟದ್ದಾಗಿದ್ದರೂ ಜನ ತಮಗೇ ಬಳಸಲು ಬರುವುದಿಲ್ಲವೆಂದು ತಮ್ಮನ್ನು ಹಳಿದುಕೊಳ್ಳುತ್ತಾರಂತೆ. ನಮ್ಮ ಮನೆಯಲ್ಲಿ ಈ ಸಮಸ್ಯೆ ಇಲ್ಲ.

ಈಗ ಕೋಡುಬಳೆಯ ವಿಷಯ. ನಾಮಕರಣಕ್ಕೆಂದು ಹಿಂದಿನ ರಸ್ತೆಯ ಮನೆಯವರು ದೊಡ್ಡ ಆರ್ಡರು ಕೊಟ್ಟಿದ್ದರು. ಯಾರಿಗೋ ಸೂತಕ ಬಂದು ಸಮಾರಂಭ ಮುಂದಕ್ಕೆ ಹೋಯಿತು, ಬೇಡವೆಂದು ಫೋನು ಮಾಡಿದರು. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಹೆಂಡತಿ ಓಡಿಬಂದು ಆರ್ಡರನ್ನು ಅಳಿಸಲು ಒತ್ತಿದಳು. ನನ್ನ ಸಾಫ್ಟ್‌ವೇರ್ ಸಭ್ಯತೆಯಿಂದ ಕೇಳಿತು: 'ಈ ಆರ್ಡರ್ ರದ್ದು ಮಾಡಬೇಕೇ?' ಕೆಳಗೆ ಎರಡು ಗುಂಡಿ: 'ಸರಿ', 'ರದ್ದು'. ರದ್ದು ಮಾಡಬೇಕಾದವರು ಏನನ್ನು ಒತ್ತುತ್ತಾರೆ? ಅವಳೂ ಅದನ್ನೇ ಒತ್ತಿ ಒಲೆಯ ಬಳಿಗೆ ಓಡಿದಳು. ಸಾಫ್ಟ್‌ವೇರ್ ತನ್ನ ಧರ್ಮ ಪಾಲಿಸಿತು. ರದ್ದತಿಯನ್ನು ರದ್ದು ಮಾಡಿತು.

ಮರುದಿನದ ಕೆಲಸದ ಪಟ್ಟಿಯಲ್ಲಿ ಕೋಡುಬಳೆ ಹಾಗೇ ಇತ್ತು. ಬೆಳಿಗ್ಗೆ ಅವಳು ಸಗಟು ಅಂಗಡಿಗೆ ಹೋಗಿದ್ದಳು. ಪಟ್ಟಿ ನೋಡಿ ಅಮ್ಮ ಹಿಟ್ಟು ಕಲಸಿದಳು, ಪ್ಯಾಕಿಂಗ್ ಅಕ್ಕ ಹೊಸೆದಳು, ಕರಿದಳು. ಹೆಂಡತಿ ಬಂದು ಬಾಗಿಲು ತೆರೆದಾಗ ಡೈನಿಂಗ್ ಟೇಬಲ್ಲಿನ ಮೇಲೆ ಕೋಡುಬಳೆ, ಪೇಪರು ಹಾಸಿದ ನೆಲದ ಮೇಲೆ ಕೋಡುಬಳೆ, ಅಪ್ಪನ ಬಾಯಲ್ಲಿ ಕೋಡುಬಳೆ.

ನಾನು ವಾದಿಸಿದೆ. 'ಸರಿ', 'ರದ್ದು' ಎಂಬ ಜೋಡಿ ಇಡೀ ಪ್ರಪಂಚದ ವಾಡಿಕೆ, ನಾನು ಕಂಡುಹಿಡಿದದ್ದಲ್ಲ ಎಂದೆ. "ರದ್ದು ಒತ್ತಿದ್ರೆ ರದ್ದು ಮಾಡದೇ ಇರೋದು ಯಾವ ಊರಿನ ವಾಡಿಕೆ ರೀ?" ಎಂದಳು. ಪ್ರಶ್ನೆಯನ್ನು ಪೂರ್ತಿ ಓದಬೇಕಿತ್ತು ಎಂದೆ. ಇಡೀ ಮನೆ ನಿಶ್ಶಬ್ದವಾಯಿತು. ಕೋಡುಬಳೆ ಅಗಿಯುವ ಸದ್ದು ಸಹ ನಿಂತಿತು. "ಎಣ್ಣೆ ಕಾಯ್ತಿರೋವಾಗ ಯಾರ್ರೀ ಓದ್ತಾರೆ?" ಎಂದಳು.

ಗುಂಡಿಯ ಮೇಲೆ ಆಗುವ ಕೆಲಸದ ಹೆಸರನ್ನೇ ಬರೆಯಿರಿ, ಬರಿಯ 'ಸರಿ' ಬೇಡ ಎಂದು ಆಪಲ್ ಕಂಪನಿಯ ಮಾರ್ಗಸೂಚಿಗಳು ಹೇಳುತ್ತವೆ. ನನಗದು ಕಂಠಪಾಠ. ಆದರೆ ಹೆಂಡತಿಯ ಮಾತಿನಲ್ಲಿದ್ದ ವಿಷಯ ಮಾರ್ಗಸೂಚಿಯಲ್ಲಿ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ನಾವು ಬಳಕೆದಾರ ಎಂದರೆ ನಮ್ಮ ಕಿಟಕಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ನಮ್ಮ ಕಲೆಯನ್ನು ಆಸ್ವಾದಿಸುವವನು ಎಂದುಕೊಂಡಿರುತ್ತೇವೆ. ಅವನಿಗೆ ನಮ್ಮ ಸಾಫ್ಟ್‌ವೇರ್ ಬಳಸುವ ಆಸೆ ಕಿಂಚಿತ್ತೂ ಇಲ್ಲ. ಅವನ ಕೆಲಸ ಬೇರೆಲ್ಲೋ ಇದೆ, ಒಲೆಯ ಮೇಲೆ, ಕೌಂಟರಿನಲ್ಲಿ, ಕ್ಯೂ ನಿಂತ ಗಿರಾಕಿಗಳ ಮುಂದೆ. ನಮಗೆ ಸಿಗುವುದು ಅವನ ಅರೆಗಣ್ಣು, ಒಂದು ಕೈ, ಅದಕ್ಕೂ ಹಿಟ್ಟು. ಅಂಥವರನ್ನು 'ಖಂಡಿತವೇ?' ಎಂದು ಕೇಳಿ ಪ್ರಯೋಜನವಿಲ್ಲ. ಹೇಳಿದ್ದನ್ನು ಮೊದಲು ಮಾಡಿಬಿಡಬೇಕು, ಆಮೇಲೆ ಮನಸ್ಸು ಬದಲಾಯಿಸಿದರೆ ವಾಪಸು ಕೊಡಬೇಕು. ನೋಟ್‌ಬುಕ್ಕಿನಲ್ಲಿ ಅವಳು ಎಳೆಯುತ್ತಿದ್ದ ಗೆರೆಯ ಗುಟ್ಟೂ ಇದೇ ಎಂದು ಆಗ ಹೊಳೆಯಿತು. ಗೆರೆ ಬಿದ್ದರೂ ಕೆಳಗಿನ ಹೆಸರು ಓದಲು ಬರುತ್ತದೆ. ತಪ್ಪಿದ್ದರೆ ಪಕ್ಕದಲ್ಲಿ ಮತ್ತೆ ಬರೆದರಾಯಿತು. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಈಗ ನಮ್ಮ ಸಾಫ್ಟ್‌ವೇರಿನಲ್ಲಿ ಒಂದೇ ಕಿಟಕಿ. ಎಡಗಡೆ ಹೆಸರು, ನಡುವೆ ಸಾಮಾನು, ಬಲಗಡೆ ಬಾಕಿ. ಕೋಡುಬಳೆ ಹಿಡಿದೆಳೆದು ಗಿರಾಕಿಯ ಮೇಲೆ ಬಿಟ್ಟರೆ ಕೂರುತ್ತದೆ. ಬೇಡವೆಂದರೆ ಸಾಲಿನ ಮೇಲೆ ಗೆರೆ ಬೀಳುತ್ತದೆ, ಪಕ್ಕದಲ್ಲಿ 'ವಾಪಸ್' ಎಂಬ ದಪ್ಪ ಗುಂಡಿ, ಒತ್ತಕ್ಷರ ಬಿದ್ದರೂ ಜಾಗ ಮಿಗುವಷ್ಟು ಎತ್ತರ. ಬಾಕಿ ಇದ್ದರೆ 'ಬಾಕಿ' ಎಂದೇ ಬರೆದಿದೆ; ಬಣ್ಣದ ಮೇಲೆ ಭರವಸೆ ಇಟ್ಟಿಲ್ಲ. ಉಳಿಸುವ ಗುಂಡಿ ಇಲ್ಲ, ನೀಲಿ ಪಟ್ಟಿ ಇಲ್ಲ, ಅಜ್ಜಿ ಇಲ್ಲ. ಒಟ್ಟಿನಲ್ಲಿ ನಾನು ಬರೆದದ್ದರಲ್ಲಿ ಬಹುಪಾಲು ಇಲ್ಲ. "ಪರವಾಗಿಲ್ಲ, ನೋಟ್‌ಬುಕ್ಕಿನ ಹತ್ತಿರ ಹತ್ತಿರ ಬಂದಿದೆ" ಎಂದು ಹೆಂಡತಿ ಮೆಚ್ಚಿಕೊಂಡಿದ್ದಾಳೆ. ಮಾಡಿಕೊಟ್ಟದ್ದಕ್ಕೆ ಸಂಭಾವನೆಯಾಗಿ ಆಫೀಸಿನ ಡಬ್ಬಿಗೆ ದಿನವೂ ಕೋಡುಬಳೆ ತುಂಬಿ ಕಳಿಸುತ್ತಿದ್ದಾಳೆ, ಇನ್ನೂ ಮುಗಿದಿಲ್ಲ.

ಸಾಫ್ಟ್‌ವೇರ್ ಬರೆಯುವ ಬಂಧುಗಳಲ್ಲಿ ಒಂದು ಮನವಿ. ಪ್ರಶ್ನೆ ಕೇಳದೆ ಇರಲಾಗದಿದ್ದರೆ ಗುಂಡಿಗಳ ಮೇಲೆ 'ಆರ್ಡರ್ ತೆಗೆದುಹಾಕು', 'ಆರ್ಡರ್ ಇರಲಿ' ಎಂದು ಬಿಡಿಸಿ ಬರೆಯಿರಿ. ನಮ್ಮ ಬಡಾವಣೆಯ ಗಿರಾಕಿಗಳಲ್ಲಿ ಇನ್ನೊಂದು ಮನವಿ: ಆರ್ಡರು ಬೇಡವಾದರೆ ಹಿಂದಿನ ದಿನ ಸಂಜೆಯೊಳಗೆ ಫೋನು ಮಾಡಿ. ಫೋನು ನಾನು ಎತ್ತಿದರೆ ದಯವಿಟ್ಟು ಹೆಂಡತಿಗೆ ಕೊಡಲು ಹೇಳಿ.